ದಿನಸಿ ಚೀಟಿ ಮತ್ತು ದೆಹಲಿ



ತಿಂಗಳ ಮೊದಲ ವಾರ ನಮ್ಮ ನಿಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ನಡೆಯುತ್ತದೆ. ನಡುಮನೆಯಲ್ಲಿ ಕುಳಿತವರು ಪ್ರಧಾನಿ ಏನು ಮಾಡಬೇಕಿತ್ತು, ವಿರೋಧ ಪಕ್ಷ ಎಲ್ಲಿ ಎಡವಿತು, ಮುಂದಿನ ಬಾರಿ ಯಾರು ಬರುತ್ತಾರೆ ಎಂದು ತೀರ್ಪು ಕೊಡುತ್ತಿರುತ್ತಾರೆ. ಅಡಿಗೆಮನೆಯ ಬಾಗಿಲಲ್ಲಿ ನಿಂತವರು ತೊಗರಿಬೇಳೆ ಎರಡು ಕಿಲೋ, ಎಣ್ಣೆ ಮೂರು ಲೀಟರ್, ಸಾಬೂನು ನಾಲ್ಕು ಎಂದು ಚೀಟಿ ಬರೆಸುತ್ತಿರುತ್ತಾರೆ. ಮೊದಲನೆಯದು ರಾಜಕೀಯ, ಎರಡನೆಯದು ಸಂಸಾರ ಎಂದು ನಾವು ವಿಂಗಡಿಸಿಕೊಂಡಿದ್ದೇವೆ. "ರಾಜಕೀಯ ನಮಗೇಕೆ ಬಿಡಿ" ಎನ್ನುವವರು ಸಾಮಾನ್ಯವಾಗಿ ಚೀಟಿ ಬರೆಯುವವರೇ. ಆದರೆ ದೇಶದ ರಾಜಕಾರಣದ ಲೆಕ್ಕ ನಡುಮನೆಯ ಚರ್ಚೆಗಿಂತ ಆ ಚೀಟಿಯಲ್ಲೇ ಸ್ಪಷ್ಟವಾಗಿ ಸಿಗುತ್ತದೆ ಎಂಬುದು ನನ್ನ ಅನಿಸಿಕೆ. ಅದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ದೊಡ್ಡ ಅಂಗಡಿಯಿಂದ ಬಂದ ಬಿಲ್ಲಿನ ಕೆಳಭಾಗವನ್ನು ಒಮ್ಮೆ ಓದಿ ನೋಡಿ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲು ಇರುತ್ತವೆ. ಎರಡರ ಮೊತ್ತವೂ ಒಂದೇ. ಒಂದು ಕೇಂದ್ರ ಸರ್ಕಾರಕ್ಕೆ, ಇನ್ನೊಂದು ರಾಜ್ಯ ಸರ್ಕಾರಕ್ಕೆ. 2017ರ ಜುಲೈ 1ರಿಂದ ಈ ವ್ಯವಸ್ಥೆ ನಡೆದುಬಂದಿದೆ. ಅದಕ್ಕೆ ಮೊದಲೂ ನಾವು ತೆರಿಗೆ ಕೊಡುತ್ತಲೇ ಇದ್ದೆವು. ಅಬಕಾರಿ ಸುಂಕವಾಗಿ, ಮಾರಾಟ ತೆರಿಗೆಯಾಗಿ ಅದು ಬೆಲೆಯೊಳಗೆ ಅಡಗಿರುತ್ತಿತ್ತು. ಈಗ ಕಣ್ಣಿಗೆ ಕಾಣುವಂತೆ ಅಚ್ಚಾಗುತ್ತದೆ, ನಾವು ಮಾತ್ರ ಓದದೆ ಬಿಲ್ಲನ್ನು ಮುದುರಿ ಎಸೆಯುತ್ತೇವೆ.

ಆ ಎರಡು ಸಾಲುಗಳಲ್ಲಿ ಏನೇನೆಲ್ಲ ನಡೆದಿದೆ! 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಅಕ್ಕಿ, ಗೋಧಿಹಿಟ್ಟು, ಮೊಸರು, ಮಜ್ಜಿಗೆಗಳಿಗೂ ಶೇಕಡಾ 5 ತೆರಿಗೆ ಬಂತು. ಮಜ್ಜಿಗೆಗೆ ತೆರಿಗೆಯೇ ಎಂದು ಆಗ ನಮ್ಮ ಕಡೆ ಜನ ಬೆರಗಾಗಿದ್ದರು. ಕೇಳಿದವರಿಗೆ ನೀರು ಮಜ್ಜಿಗೆ ಕೊಡುವುದನ್ನು ಉಪಕಾರವೆಂದೂ ಎಣಿಸದ ನಾಡು ಇದು. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನು, ಹಲ್ಲುಜ್ಜುವ ಪೇಸ್ಟು, ತಲೆಗೆ ಹಚ್ಚುವ ಎಣ್ಣೆಗಳ ತೆರಿಗೆ 18ರಿಂದ 5ಕ್ಕೆ ಇಳಿಯಿತು. ಮಕ್ಕಳ ನೋಟ್‌ಬುಕ್ಕಿನ ಮೇಲಿದ್ದ ತೆರಿಗೆ ಪೂರ್ತಿ ಹೋಯಿತು. ಇಳಿಸಿದ್ದನ್ನು ಸರ್ಕಾರ ಹಬ್ಬದ ಉಡುಗೊರೆ ಎಂದಿತು. ಒಳ್ಳೆಯದೇ ಆಯಿತು, ಸಂತೋಷ. ಆದರೆ ಎಂಟು ವರ್ಷ 18ರ ಲೆಕ್ಕದಲ್ಲಿ ಎಣ್ಣೆ ಹಚ್ಚಿದ ತಲೆಗಳೂ ನಮ್ಮವೇ ಎಂಬುದನ್ನು ಮರೆಯಬೇಕಾಗಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ದೇಶದ ರಾಜಕಾರಣ ಎಂದು ಹೆಸರೇ ಎಂದು ನೀವು ಕೇಳಬಹುದು. 1930ರಲ್ಲಿ ಗಾಂಧೀಜಿ ಉಪ್ಪನ್ನು ಹಿಡಿದಾಗ ಕಾಂಗ್ರೆಸ್ಸಿನೊಳಗೂ ಕೆಲವರಿಗೆ ಇದೇ ಪ್ರಶ್ನೆ ಬಂದಿತ್ತು. ಗಾಂಧೀಜಿಯವರ ತರ್ಕ ಸರಳವಾಗಿತ್ತು: ಉಪ್ಪಿಲ್ಲದ ಮಡಕೆ ಯಾರ ಮನೆಯಲ್ಲೂ ಇಲ್ಲ, ಬಡವನಿಗೂ ಸಿರಿವಂತನಿಗೂ ಉಪ್ಪು ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಅದರ ಮೇಲಿನ ತೆರಿಗೆ ಬಡವನ ಮೇಲೆ ಭಾರವಾಗಿ ಬೀಳುತ್ತದೆ. ಆ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯ ಕಡಲತೀರದಲ್ಲೂ ಜನ ಉಪ್ಪು ಮಾಡಿ ಕಾನೂನು ಮುರಿದರು. ಇಂದು ಉಪ್ಪಿಗೆ ಜಿಎಸ್‌ಟಿ ಇಲ್ಲ. ಆದರೆ ಗಾಂಧೀಜಿಯ ತರ್ಕ ಉಪ್ಪಿಗೆ ಮಾತ್ರ ಸೇರಿದ್ದಲ್ಲ. ಸಾಬೂನಿಗೂ ಬಿಸ್ಕತ್ತಿಗೂ ಅದು ಅನ್ವಯಿಸುತ್ತದೆ.

ಈ ತರ್ಕವನ್ನು ಇಟ್ಟುಕೊಂಡು ನಮ್ಮ ನಡುಮನೆಯ ಒಂದು ಮಾತನ್ನು ಪರೀಕ್ಷಿಸೋಣ. "ನಾವು ಕಟ್ಟಿದ ತೆರಿಗೆ ಹಣವನ್ನು ಪುಕ್ಕಟೆ ಹಂಚುತ್ತಾರೆ" ಎಂಬ ಮಾತು. ಮದುವೆ ಮನೆಯಲ್ಲಿ, ರೈಲಿನಲ್ಲಿ, ಬೆಳಗಿನ ವಾಕಿಂಗಿನಲ್ಲಿ ಇದನ್ನು ಕೇಳದವರು ಯಾರು? ಹೇಳುವವರು ಆದಾಯ ತೆರಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. 2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯಡಿ ವರ್ಷಕ್ಕೆ 12 ಲಕ್ಷ ರೂಪಾಯಿಯವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಾಯಿತು. ಹೀಗೆ ಆ ಮಾತನ್ನಾಡುವ ಎಷ್ಟೋ ಮಂದಿ ಈಗ ಆದಾಯ ತೆರಿಗೆ ಕಟ್ಟುವವರ ಸಾಲಿನಲ್ಲೇ ಇಲ್ಲ. ಇತ್ತ ಅವರ ಮನೆಯ ಪಾತ್ರೆ ತೊಳೆಯುವ ಹೆಂಗಸು ಕೊಂಡ ಪ್ರತಿ ಸಾಬೂನಿಗೂ ತೆರಿಗೆ ಕೊಟ್ಟಿದ್ದಾಳೆ. ರಶೀದಿ ಇಲ್ಲ, ಗೌರವವೂ ಇಲ್ಲ, ಆದರೆ ಹಣ ಖಜಾನೆಗೆ ಹೋಗಿದೆ.

ಗಳಿಸಿದ್ದರಲ್ಲಿ ಅರ್ಧ ಉಳಿಸುವವನಿಗೆ ಖರ್ಚಿನ ಮೇಲಿನ ತೆರಿಗೆ ಅರ್ಧ ಆದಾಯವನ್ನಷ್ಟೇ ಮುಟ್ಟುತ್ತದೆ. ಗಳಿಸಿದ್ದೆಲ್ಲ ಖರ್ಚಾಗುವ ಮನೆಯಲ್ಲಿ ಅದು ಇಡೀ ಆದಾಯವನ್ನು ಬೆನ್ನಟ್ಟುತ್ತದೆ. ಕೇಂದ್ರ ಸರ್ಕಾರದ 2022-23ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 3,773 ರೂಪಾಯಿ, ನಗರದಲ್ಲಿ 6,459. ಅದರಲ್ಲಿ ಊಟ-ತಿಂಡಿಯ ಪಾಲು ಹಳ್ಳಿಯಲ್ಲಿ ನೂರಕ್ಕೆ 46, ನಗರದಲ್ಲಿ 39. 1999-2000ದಲ್ಲಿ ಹಳ್ಳಿಯವರು ನೂರಕ್ಕೆ 59ನ್ನು ಹೊಟ್ಟೆಗೇ ಹಾಕುತ್ತಿದ್ದರು. ಅಂದರೆ ಅಕ್ಕಿ-ಬೇಳೆಯ ಪಾಲು ಇಳಿದು ಬೇರೆ ಸಾಮಾನುಗಳ ಪಾಲು ಏರಿದೆ. ಕಡೆಯ ಮನೆಯವರೂ ತೆರಿಗೆ ಬೀಳುವ ಸರಕನ್ನು ಮೊದಲಿಗಿಂತ ಹೆಚ್ಚು ಕೊಳ್ಳುತ್ತಿದ್ದಾರೆ.

ಹಾಗೆಂದು ಸರ್ಕಾರ ಕೊಟ್ಟದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡನ್ನೂ ನೋಡಬೇಕು. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಆರಂಭವಾಯಿತು; ಅದೇ ಆಗಸ್ಟ್ ಕೊನೆಗೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಯೋಜನೆ ಬಂತು. ಉಚಿತ ಬಸ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ, ಅದು ಒಳ್ಳೆಯ ಕೆಲಸ. ಗಂಡನ ಮುಂದೆ ಕೈಯೊಡ್ಡದೆ ತವರಿಗೋ ಆಸ್ಪತ್ರೆಗೋ ಹೋಗಿಬರುವ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟುವುದು ಕಷ್ಟ. ಆದರೆ 2024ರ ಜೂನ್‌ನಲ್ಲಿ, ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ದುಬಾರಿಯಾದವು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿತು. ಅದೇ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಅದು ಹಾಲು ಹಾಕುವ ರೈತನಿಗಾಗಿ ಎಂದರು, ರೈತನಿಗೆ ಸಿಕ್ಕರೆ ನನ್ನ ತಕರಾರಿಲ್ಲ. ಬಂದ 2,000ದಲ್ಲಿ ಎಷ್ಟು ನಿಮ್ಮ ಕೈಯಲ್ಲಿ ನಿಂತಿತು, ಎಷ್ಟು ಹಿಂದಕ್ಕೆ ಹೋಯಿತು ಎಂಬ ಲೆಕ್ಕವನ್ನು ನಿಮ್ಮ ಪರವಾಗಿ ಯಾವ ಪಕ್ಷವೂ ಮಾಡಿಕೊಡುವುದಿಲ್ಲ. ಎರಡು ಲೀಟರ್ ಹಾಲು ಕೊಳ್ಳುವ ಮನೆಗೆ ಹಾಲೊಂದರಲ್ಲೇ ತಿಂಗಳಿಗೆ 240 ರೂಪಾಯಿ ಹೆಚ್ಚು.

ಮಧ್ಯಮ ವರ್ಗದವರಿಗೂ ಅವರದೇ ಭಾಗ್ಯಗಳಿದ್ದವು, ಇವೆ. 2020ರವರೆಗೆ ಅಡಿಗೆ ಅನಿಲದ ಸಹಾಯಧನ ಬಹುಪಾಲು ಮನೆಗಳ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಮನೆ ಸಾಲದ ಬಡ್ಡಿಗೆ ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆಯ ವಿನಾಯಿತಿ ಉಂಟು. ಇವನ್ನು ಯಾರೂ ಬಿಟ್ಟಿ ಎನ್ನಲಿಲ್ಲ. ಒಂದೇ ಬಗೆಯ ನೆರವಿಗೆ, ಪಡೆಯುವವರನ್ನು ನೋಡಿಕೊಂಡು ಎರಡು ಹೆಸರಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಪೆಟ್ರೋಲಿಗೆ ಬರೋಣ. ರಾಜಕೀಯ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ಜಗತ್ತಿನಲ್ಲಿ ಕಚ್ಚಾ ತೈಲದ ಬೆಲೆ ನೆಲ ಕಚ್ಚಿತ್ತು. ಕೇಂದ್ರ ಸರ್ಕಾರ ಒಂದೇ ಬಾರಿಗೆ ಪೆಟ್ರೋಲಿನ ಸುಂಕವನ್ನು ಲೀಟರಿಗೆ 10 ರೂಪಾಯಿ, ಡೀಸೆಲ್ಲಿನದನ್ನು 13 ರೂಪಾಯಿ ಏರಿಸಿತು. ಬಂಕಿನ ದರ ಆ ದಿನ ಏರಲಿಲ್ಲ. ಇಳಿಯಬೇಕಾದದ್ದು ಇಳಿಯದೆ ನಿಂತಿತು, ಅಷ್ಟೇ. ಏರಿದ್ದು ನಮಗೆ ಕಾಣುತ್ತದೆ. ಇಳಿಯದೆ ಉಳಿದದ್ದು ಕಾಣುವುದಿಲ್ಲ. ಆದ್ದರಿಂದ ಬೀದಿಯಲ್ಲಿ ಅದರ ಸದ್ದೂ ಆಗಲಿಲ್ಲ.

ಇನ್ನೊಂದು ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. 2021ರ ಫೆಬ್ರವರಿಯಲ್ಲಿ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 32 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಉಳಿದದ್ದು ವಿಶೇಷ ಸುಂಕ, ರಸ್ತೆಯ ಸೆಸ್, ಕೃಷಿಯ ಸೆಸ್ ಎಂಬ ಹೆಸರಿನಲ್ಲಿ ಕೇಂದ್ರದ ಬಳಿಯೇ ಉಳಿಯುವಂಥದ್ದು. ಸೆಸ್ ಮತ್ತು ಸರ್‌ಚಾರ್ಜನ್ನು ರಾಜ್ಯಗಳಿಗೆ ಹಂಚಬೇಕಾಗಿಲ್ಲ ಎಂಬುದು ಸಂವಿಧಾನದಲ್ಲೇ ಇದೆ. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ರಾಜ್ಯಗಳ ಪಾಲಿನಲ್ಲಿ ಕರ್ನಾಟಕದ್ದು ಶೇಕಡಾ 4.713 ಇದ್ದದ್ದು ಹದಿನೈದನೆಯದರಲ್ಲಿ 3.647ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ರಾಜ್ಯದ ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಾಗ ನಮ್ಮಲ್ಲಿ ಅನೇಕರು ಅದನ್ನು ಪಕ್ಷಗಳ ಜಗಳವೆಂದು ನೋಡಿ ಚಾನೆಲ್ ಬದಲಿಸಿದರು. ಅದು ನೀವು ಸ್ಕೂಟರಿಗೆ ಹಾಕಿಸಿದ ಪೆಟ್ರೋಲಿನ ಹಣದ ಜಗಳವೂ ಆಗಿತ್ತು. ಸೆಸ್ಸಿನ ಹಾದಿ ಹಿಡಿದು ಹಂಚಿಕೆ ತಪ್ಪಿಸುವುದು ದೆಹಲಿಯಲ್ಲಿ ಯಾರೇ ಕೂತರೂ ಸರಿಯಲ್ಲ ಎಂದು ನಾನು ನಂಬಿದ್ದೇನೆ. ರಾಜ್ಯ ತನ್ನ ಪಾಲಿನ ಮಾರಾಟ ತೆರಿಗೆ ಏರಿಸುವಾಗ ಇದೇ ಕೊರತೆಯನ್ನು ನೆಪ ಮಾಡಿಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ.

ಬೆಲೆಗೂ ಮತಕ್ಕೂ ಇರುವ ನಂಟು ಹಳೆಯದು. 1980ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಈರುಳ್ಳಿಯ ಬೆಲೆಯನ್ನೇ ಪ್ರಚಾರದ ಮಾತಾಗಿಸಿದರು. 1998ರ ಕೊನೆಯಲ್ಲಿ ದೆಹಲಿಯ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಸೋತಾಗಲೂ ಈರುಳ್ಳಿಯ ಹೆಸರೇ ಮುಂದೆ ಬಂತು. ಅಂದಿನಿಂದ ಎಲ್ಲ ಸರ್ಕಾರಗಳಿಗೂ ಈರುಳ್ಳಿ ಎಂದರೆ ನಡುಕ. 2023ರ ಆಗಸ್ಟಿನಲ್ಲಿ ರಫ್ತಿಗೆ ಶೇಕಡಾ 40 ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತೇ ನಿಂತು, ಮರುವರ್ಷ ಮೇ ತಿಂಗಳವರೆಗೆ ನಿಷೇಧ ನಡೆಯಿತು. ಪೇಟೆಯ ನಮಗೆ ಅಗ್ಗವಾಯಿತು. ಚಿತ್ರದುರ್ಗ, ಗದಗ, ವಿಜಯಪುರದ ಕಡೆ ಈರುಳ್ಳಿ ಬೆಳೆಯುವವರನ್ನು ಕೇಳಿ ನೋಡಿ, ಈ ಅಗ್ಗದ ಇನ್ನೊಂದು ಮುಖ ಕಾಣುತ್ತದೆ. ಬೆಲೆ ಏರಿದಾಗ ಸರ್ಕಾರವನ್ನು ಬೈದ ನಾವು, ಬೆಲೆ ಬಿದ್ದು ರೈತ ರಸ್ತೆಗೆ ಸುರಿದಾಗ ಅದು ರೈತರ ಸಮಸ್ಯೆ ಎಂದು ಪಕ್ಕಕ್ಕೆ ಸರಿಯುತ್ತೇವೆ.

ಹಾಗಾದರೆ ಏನು ಮಾಡೋಣ? ಒಂದು ನೂರು ಪುಟದ ನೋಟ್‌ಬುಕ್ ತನ್ನಿ (ತೆರಿಗೆ ಹೇಗೂ ಹೋಗಿದೆ). ಖರ್ಚು ಬರೆಯುವ ರೂಢಿ ನಮ್ಮ ಹಿರಿಯರಲ್ಲಿ ಚೆನ್ನಾಗಿತ್ತು. ನಮ್ಮ ತಾಯಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೊತ್ತಂಬರಿ ಸೊಪ್ಪಿನ ಕಾಸನ್ನೂ ಬರೆದಿಡುತ್ತಿದ್ದರು. ಮೊಬೈಲಿನಲ್ಲಿ ಹಣ ಕೊಡುವುದು ಬಂದ ಮೇಲೆ ಆ ರೂಢಿ ಸಡಿಲಿದೆ. ನೋಟು ಕೈಬಿಡುವಾಗ ಆಗುತ್ತಿದ್ದ ಸಣ್ಣ ನೋವು ಈಗಿಲ್ಲ. ಜೊತೆಗೆ ಆ ಲೆಕ್ಕ ನಮಗಿಂತ ಚೆನ್ನಾಗಿ ಬೇರೆಯವರ ಬಳಿ ಇದೆ: 2025ರ ಜುಲೈನಲ್ಲಿ ಮೊಬೈಲ್ ಪಾವತಿಯ ವಿವರ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ತರಕಾರಿ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಫಲಕ ತೂಗಿತು.

ನೋಟ್‌ಬುಕ್ಕಿನಲ್ಲಿ ವಸ್ತು, ಬೆಲೆಗಳ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆಯಿರಿ. ಬೆಲೆ ಏರಿದರೆ ಅಥವಾ ಇಳಿದರೆ ಕಾರಣ ಯಾರು ಎಂದು ಒಂದು ಪದದಲ್ಲಿ ಬರೆಯಿರಿ: ಮಳೆ, ದಲ್ಲಾಳಿ, ಕಂಪನಿ, ಬೆಂಗಳೂರು, ದೆಹಲಿ. ಗೊತ್ತಾಗದಿದ್ದರೆ ಖಾಲಿ ಬಿಡಿ. ನಿಮಗೆ ಇಷ್ಟವಾದ ಪಕ್ಷ ಆಳುವ ಕಡೆ ಬೆಲೆ ಏರಿದಾಗಲೆಲ್ಲ ಮಳೆ ಎಂದೂ, ಇಷ್ಟವಿಲ್ಲದವರು ಆಳುವ ಕಡೆ ಏರಿದಾಗಲೆಲ್ಲ ಸರ್ಕಾರ ಎಂದೂ ಬರೆದಿದ್ದೀರಾ ಎಂದು ವರ್ಷದ ಕೊನೆಗೆ ನೋಡಿಕೊಳ್ಳಿ. ಮನೆಯಲ್ಲಿ ಇಬ್ಬರಿಗೆ ಎರಡು ಪಕ್ಷವಿದ್ದರೆ ಇಬ್ಬರೂ ಬೇರೆಬೇರೆ ಬರೆದು ಹೋಲಿಸಿದರೆ ಇನ್ನೂ ಚೆನ್ನ. ಮತ ಕೇಳಲು ಬಂದವರ ಮುಂದೆ ಆ ಪುಟ ತೆರೆದು ಇದಕ್ಕೆ ಕಾರಣ ಹೇಳಿ ಎನ್ನಲು ಅಡ್ಡಿಯೇನೂ ಇಲ್ಲ.

ಅಂಗಡಿಯ ಬಿಲ್ಲನ್ನೇ ಅಂಟಿಸಿಟ್ಟರೆ ಸಾಕಲ್ಲವೇ ಎಂದರೆ, ಸಾಲದು. ಈಗಿನ ಬಿಲ್ಲುಗಳು ಬಿಸಿಯಿಂದ ಅಚ್ಚಾಗುವ ಕಾಗದದವು. ಕೆಲವು ತಿಂಗಳಲ್ಲಿ ಅಕ್ಷರಗಳೆಲ್ಲ ಮಾಸಿ ಬಿಳಿಯ ಪಟ್ಟಿಯಷ್ಟೇ ಉಳಿಯುತ್ತದೆ. ಒಟ್ಟು ಮೊತ್ತವನ್ನೂ ಕೆಳಗಿನ ಆ ಎರಡು ಸಾಲುಗಳನ್ನೂ ಅಂದೇ ಪೆನ್ಸಿಲಿನಲ್ಲಿ ನಕಲು ಮಾಡಿಕೊಳ್ಳಿ.