ಒಂದು ವರ್ಗ ದಾಟಿಸಬೇಕೆ?

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸಂಜೆ ಐದರ ಹೊತ್ತಿಗೆ ನಿಂತರೆ ಎರಡು ಬಗೆಯ ಮಕ್ಕಳು ಕಾಣುತ್ತಾರೆ. ಶಾಲೆ ಬಿಟ್ಟೊಡನೆ ಟಿಕೋಟಾ, ಬಬಲೇಶ್ವರದ ಬಸ್ಸು ಹಿಡಿಯಲು ಓಡುವವರು ಕೆಲವರು. ಬೆನ್ನ ಮೇಲಿನ ಪಾಟೀಚೀಲ ಇಳಿಸದೆಯೇ ಟ್ಯೂಷನ್ನಿಗೆ ನಡೆಯುವವರು ಇನ್ನು ಕೆಲವರು. ಈ ಎರಡನೆಯವರಲ್ಲಿ ಎಂಟನೆಯ ಇಯತ್ತೆಯ ಮಗುವೊಂದರ ಕೈಯಲ್ಲಿ ಪಿ.ಯು.ಸಿ.ಯ ಭೌತಶಾಸ್ತ್ರದ ಪುಸ್ತಕವಿದ್ದರೆ ಈಗ ಯಾರೂ ಬೆರಗಾಗುವುದಿಲ್ಲ. ತಂದೆತಾಯಿಗಳು ಶಿಕ್ಷಕರನ್ನು ಕೇಳುವ ಪ್ರಶ್ನೆಯೂ ಆಗ ಸಹಜವೆನಿಸುತ್ತದೆ: "ಹುಡುಗ ಇಷ್ಟು ಜಾಣ ಇದ್ದಾನ್ರಿ, ಇನ್ನೆರಡು ವರ್ಷ ಅದೇ ಪಾಠಕ್ಕೆ ಯಾಕ ಕೂಡ್ರಿಸಬೇಕು?"

ಹಿಂದೆ ಇದಕ್ಕೆ 'ಡಬಲ್ ಪ್ರಮೋಷನ್' ಎಂಬ ಸುಲಭೋಪಾಯವಿತ್ತು. ಮಾಸ್ತರರು ಮೆಚ್ಚಿದರೆ ಹುಡುಗ ಒಂದೇ ಏಟಿಗೆ ಎರಡು ಮೆಟ್ಟಿಲು ಏರುತ್ತಿದ್ದ. ಮನೆಗೆ ಬಂದವರ ಮುಂದೆಲ್ಲ ಆ ಸುದ್ದಿ ವರ್ಷಗಟ್ಟಲೆ ನಡೆಯುತ್ತಿತ್ತು. ಉಪಾಯ ಹಳೆಯದಾಗಿದ್ದರೂ ಆಸೆ ಹಳೆಯದಾಗಿಲ್ಲ.

ಆಸೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನ ಸಿ.ಎನ್.ಆರ್. ರಾಯರನ್ನೇ ನೋಡಿ. ಮನೆಯಲ್ಲಿ ತಾಯಿಯಿಂದಲೇ ಪಾಠ ಕಲಿತು, 1940ರಲ್ಲಿ, ಆರನೆಯ ವಯಸ್ಸಿಗೆ, ನೇರವಾಗಿ ಮಾಧ್ಯಮಿಕ ಶಾಲೆ ಸೇರಿದರು. 1947ರಲ್ಲಿ ಬಸವನಗುಡಿಯ ಆಚಾರ್ಯ ಪಾಠಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದರು, 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿ ಪಡೆದಾಗ ಅವರಿಗೆ ಹದಿನೇಳು ವರ್ಷ. ವರ್ಗದಲ್ಲಿ ಎಲ್ಲರಿಗಿಂತ ಕಿರಿಯರಾಗಿದ್ದೂ ಸಹಪಾಠಿಗಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಿದ್ದರಂತೆ. ಅಮೆರಿಕದಲ್ಲಿ ಜೂಲಿಯನ್ ಸ್ಟ್ಯಾನ್ಲಿ ಎಂಬ ಮನೋವಿಜ್ಞಾನಿ ಗಣಿತದಲ್ಲಿ ಅಸಾಧಾರಣ ಗತಿಯುಳ್ಳ ಮಕ್ಕಳನ್ನು ಕುರಿತು 1971ರಲ್ಲಿ ಆರಂಭಿಸಿದ ದೀರ್ಘ ಅಧ್ಯಯನವೂ ವೇಗದಿಂದ ಅಂಥವರಿಗೆ ಕೇಡಾಗುವುದು ವಿರಳವೆಂದೇ ಹೇಳುತ್ತದೆ.

ಆದರೆ ನಿಮ್ಮ ಮಗು ಅಂಥದೆಂದು ತಿಳಿಯುವುದು ಹೇಗೆ? ನೂರಕ್ಕೆ ನೂರು ಅಂಕ ಸಾಕ್ಷಿಯಾಗಲಾರದು. ಮುಂದಿನ ಇಯತ್ತೆಯ ಸೂತ್ರ ಬಾಯಿಗೆ ಬಂದಿದ್ದರೂ ಅಷ್ಟೆ. ಮೊದಲೇ ಉಣಿಸಿದ್ದನ್ನು ಒಪ್ಪಿಸುವುದು ಹಸಿವಿನ ಲಕ್ಷಣವಲ್ಲ. ನಾನಾದರೆ ಮಗುವನ್ನು ಗೋಲಗುಮ್ಮಟದ ಅಂಗಳಕ್ಕೆ ಕರೆದೊಯ್ದು, ಕೈಗೆ ಒಂದು ಕೋಲು ಕೊಟ್ಟು, "ನೆರಳಿನಿಂದ ಇದರ ಎತ್ತರ ಹೇಳು" ಎಂದು ಕೇಳುತ್ತೇನೆ. ಹೈಸ್ಕೂಲಿನ ಸಮರೂಪ ತ್ರಿಭುಜಗಳ ಪಾಠ ಅದು. ಪಾಠ ಬಂದ ಮಗು ಕೋಲು ನೆಟ್ಟು, ಎರಡು ನೆರಳನ್ನೂ ಅಳೆದು ಲೆಕ್ಕ ಮಾಡುತ್ತದೆ; ಒಳ್ಳೆಯದೇ. ಆದರೆ ಒಂದು ಮಗು ಅಳೆಯಹೋಗಿ ನಿಂತುಬಿಡುತ್ತದೆ. "ಗುಮ್ಮಟದ ತುದಿಯ ನೇರ ಕೆಳಗಿನ ಜಾಗ ಕಟ್ಟಡದೊಳಗೆ ಐತಲ್ರಿ, ಗೋಡೆಯಿಂದ ಅಳೆದರೆ ತಪ್ಪಾಗೂದಿಲ್ಲೇನು?" ಎನ್ನುತ್ತದೆ. ಆ ಮಗುವನ್ನು ಹಳೆಯ ಬೆಂಚಿನಲ್ಲಿ ಕೂಡ್ರಿಸಿ ಬೇಸರದಿಂದ ಒಣಗಿಸುವುದು ಅನ್ಯಾಯ. ಮೊದಲನೆಯದನ್ನು ದಾಟಿಸುವುದೂ ಅನ್ಯಾಯವೇ.

ಎರಡನೆಯ ಮಗುವಿನ ವಿಷಯದಲ್ಲಿಯೂ ಬಾಗಿಲು ನೋಡಿ ಓಡಿಸಬೇಕು. ಈ ಊರಿನಲ್ಲಿ ಹೆಚ್ಚಿನ ಓಟ ವೈದ್ಯಕೀಯ ಕಾಲೇಜಿನ ಕಡೆಗೆ. ಅಲ್ಲಿ ಪ್ರವೇಶದ ವರ್ಷದ ಡಿಸೆಂಬರ್ 31ರೊಳಗೆ 17 ತುಂಬದವರಿಗೆ ಪ್ರವೇಶವಿಲ್ಲ. ಐದೂವರೆ ವರ್ಷಕ್ಕೆ ಒಂದನೆಯ ಇಯತ್ತೆ ಸೇರಿದ ಮಗು ಕ್ರಮವಾಗಿ ನಡೆದರೆ ಹದಿನೇಳೂವರೆಗೆ ಪಿ.ಯು.ಸಿ. ಮುಗಿಸುತ್ತದೆ, ಒಂದು ವರ್ಗ ಹಾರಿದರೆ ಹದಿನಾರೂವರೆ. ಇನ್ನೊಂದು ವರ್ಗವನ್ನೂ ಹಾರಿದರೆ ಗಳಿಸಿದ ವರ್ಷ ಅಲ್ಲಿ ಕಾಯುವುದರಲ್ಲಿಯೇ ಕಳೆದೀತು. ಶಾಲೆಯಿಂದ ಬಿಡಿಸಿ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ಇಯತ್ತೆ ಕಟ್ಟಿಸುತ್ತೇವೆಂದರೆ ಅದಕ್ಕೂ 14 ವರ್ಷ ಆಗಿರಬೇಕು. 1963ರಿಂದ ನಮ್ಮಲ್ಲಿಯೇ ಇರುವ ಸೈನಿಕ ಶಾಲೆಯಂತೂ ಆರನೆಯ ಇಯತ್ತೆಗೆ ಹತ್ತರಿಂದ ಹನ್ನೆರಡು, ಒಂಬತ್ತನೆಯದಕ್ಕೆ ಹದಿಮೂರರಿಂದ ಹದಿನೈದು ಎಂದು ವಯಸ್ಸನ್ನು ಕಟ್ಟಿಯೇ ಇಟ್ಟಿದೆ.

ಹೆಣ್ಣುಮಕ್ಕಳ ಮಾತು ಬೇರೆ. ಹೇಳಲು ಸಂಕೋಚವಾದರೂ ಹೇಳಬೇಕು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ 'ಶಾಲಿಗೆ ಹೋಗತಾಳ' ಎಂಬುದೇ ಹುಡುಗಿಗಿರುವ ರಕ್ಷೆ. ಆಕೆಯ ಹತ್ತನೆಯ ಇಯತ್ತೆ ಹದಿನಾಲ್ಕಕ್ಕೇ ಮುಗಿದರೆ, 'ಇನ್ನೇನು, ಓದು ಆಯ್ತಲ್ಲ' ಎನ್ನುವ ಹಿರಿಯರೂ ಅಷ್ಟೇ ಬೇಗ ಬಾಗಿಲಿಗೆ ಬರುತ್ತಾರೆ. ಮದುವೆಗೆ ಹದಿನೆಂಟು ಎಂಬ ಕಾಯಿದೆ ಇದೆ, ನಿಜ. ಶಾಲೆ ಬಿಡಿಸುವುದಕ್ಕೆ ಅವರು ಅಲ್ಲಿಯ ತನಕ ಕಾಯಬೇಕಾಗಿಲ್ಲ. ಮುಂದಿನ ಐದಾರು ವರ್ಷದ ಓದು ನಿಶ್ಚಯವಾಗದೆ ಅಂಥ ಹುಡುಗಿಯನ್ನು ಒಂದು ವರ್ಗ ದಾಟಿಸಲು ನಾನು ಒಪ್ಪಲಾರೆ, ಆಕೆ ಎಷ್ಟೇ ಜಾಣೆಯಾಗಿರಲಿ.

ಹಾಗಾದರೆ ಗುಮ್ಮಟದ ಮುಂದೆ ನಿಂತು ಪ್ರಶ್ನಿಸಿದ ಮಗುವಿಗೆ ಏನು ಮಾಡೋಣ? ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಟೆರೆನ್ಸ್ ಟಾವೋ ಎಂಬ ಬಾಲಕನಿಗೆ ತಂದೆತಾಯಿ ಮತ್ತು ಶಿಕ್ಷಕರು ಕೂಡಿ ಮಾಡಿದ್ದು ಇಲ್ಲಿ ನೆನೆಯತಕ್ಕದ್ದು. ಎಂಟು ವರ್ಷದ ಹುಡುಗ ಗಣಿತಕ್ಕೆ ಹೈಸ್ಕೂಲಿನ ಮೇಲಿನ ವರ್ಗದಲ್ಲಿ ಕುಳಿತ. ಬೇರೆ ವಿಷಯಗಳಿಗೆ ಅದಕ್ಕಿಂತ ಕೆಳಗಿನ ವರ್ಗಗಳಲ್ಲಿ. ಇಡಿಯ ಹುಡುಗನನ್ನು ಎತ್ತಿ ಮೇಲೆ ಇಡಲಿಲ್ಲ. ಎಲ್ಲಿ ಬೆಳೆದಿದ್ದನೋ ಅಲ್ಲಿ ಮಾತ್ರ ಜಾಗ ಕೊಟ್ಟರು. 2006ರಲ್ಲಿ ಆತನಿಗೆ ಗಣಿತದ ಫೀಲ್ಡ್ಸ್ ಪದಕ ಬಂತು. ಪದಕದ ಮಾತು ಹಾಗಿರಲಿ. ಈ ಏರ್ಪಾಡಿಗೆ ನಮ್ಮ ಶಾಲೆಗಳಲ್ಲಿ ಹಣ ಬೇಕಾಗಿಲ್ಲ, ಸರಕಾರದ ಅಪ್ಪಣೆಗೆ ಕಾಯಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಮಗು ಎಂಟನೆಯ ಇಯತ್ತೆಯಲ್ಲಿಯೇ ಇರಲಿ, ಆಟಕ್ಕೆ, ಕನ್ನಡಕ್ಕೆ, ಬುತ್ತಿ ಬಿಚ್ಚಲು ತನ್ನ ಗೆಳೆಯರೊಂದಿಗೇ ಇರಲಿ. ಗಣಿತದ ತಾಸಿಗೆ ಮಾತ್ರ ಹತ್ತನೆಯ ವರ್ಗಕ್ಕೆ ಎದ್ದು ಹೋಗಲಿ.

ಇದಕ್ಕೆ ಅಡ್ಡಬರುವುದು ಒಂದೇ: ಎರಡೂ ವರ್ಗಗಳ ಗಣಿತ ಬೇರೆ ಬೇರೆ ತಾಸಿಗೆ ಬಿದ್ದರೆ ಮಗು ಅತ್ತ ಹೋದಾಗ ಇತ್ತ ಬೇರೊಂದು ಪಾಠ ತಪ್ಪುತ್ತದೆ. ಎರಡನ್ನೂ ಒಂದೇ ತಾಸಿಗೆ ಇಡಬೇಕು. ವೇಳಾಪಟ್ಟಿ ಗೋಡೆಗೆ ಅಂಟಿದ ಮೇಲೆ ಇದನ್ನು ಕೇಳಿ ಪ್ರಯೋಜನವಿಲ್ಲ. ಮೇ ತಿಂಗಳ ಕೊನೆಯಲ್ಲಿ, ಶಾಲೆ ತೆರೆಯುವ ಮೊದಲ ವಾರದಲ್ಲಿ, ಮುಖ್ಯಾಧ್ಯಾಪಕರ ಕೋಣೆಗೆ ಹೋಗಿ ಕೇಳಬೇಕು.