ಮೊದಲ ದಿನದ ತೀರ್ಪು



ನ್ಯೂಜೆರ್ಸಿಯ ಫೋರ್ಟ್ ಲೀಯಿಂದ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿ ಮ್ಯಾನ್‌ಹಟನ್ ಸೇರಿ, ಬ್ರಾಡ್‌ವೇ ಹಿಡಿದು ದಕ್ಷಿಣಕ್ಕೆ ಹನ್ನೆರಡು-ಹದಿಮೂರು ಅಡ್ಡರಸ್ತೆ ನಡೆದರೆ 165ನೆಯ ಬೀದಿಯ ಬಳಿ ಹಳೆಯ ಕಟ್ಟಡವೊಂದರ ಮುಂಭಾಗ ಎದುರಾಗುತ್ತದೆ. ಅಲ್ಲೀಗ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾಲಯವಿದೆ. ಮಾಲ್ಕಮ್ ಎಕ್ಸ್ ಮತ್ತು ಬೆಟ್ಟಿ ಶಬಾಜ್ ಅವರ ಹೆಸರಿನ ಸ್ಮಾರಕ ಕೇಂದ್ರವೂ ಇದೆ. ಒಂದು ಕಾಲಕ್ಕೆ ಅದು ಆಡುಬಾನ್ ಬಾಲ್‌ರೂಮ್ ಎಂಬ ಸಭಾಂಗಣವಾಗಿತ್ತು. 1965ರ ಫೆಬ್ರವರಿ 21ರ ಭಾನುವಾರ, ಮಧ್ಯಾಹ್ನ ಮೂರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಸುಮಾರು ನಾನೂರು ಜನರೆದುರು, ಗರ್ಭಿಣಿ ಪತ್ನಿ ಮತ್ತು ಪುಟ್ಟ ಹೆಣ್ಣುಮಕ್ಕಳು ಅಲ್ಲಿಯೇ ಇದ್ದಾಗ, ಮಾಲ್ಕಮ್ ಎಕ್ಸ್ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅವರಿಗೆ ಆಗ ಮೂವತ್ತೊಂಬತ್ತು ವರ್ಷ.

ಆ ಹತ್ಯೆಯ ಕಥೆಯನ್ನು ಬಹಳ ಜನ ಹೇಳಿದ್ದಾರೆ. ಅದರ ಮರುದಿನದ ಕಥೆಯೂ ಅಷ್ಟೇ ಗಮನಕ್ಕೆ ಅರ್ಹವಾದುದು. ಏಕೆಂದರೆ ರಾಜಕೀಯ ಹತ್ಯೆಯಲ್ಲಿ ಗುಂಡು ಹಾರಿಸಿದವರ ಕೆಲಸ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಸತ್ತವರನ್ನು ವಿವರಿಸುವವರ ಕೆಲಸ ಆನಂತರ ಆರಂಭವಾಗುತ್ತದೆ.

ಹತ್ಯೆಯ ಮರುದಿನ, ಫೆಬ್ರವರಿ 22ರಂದು, ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆಯಿತು. ಮಾಲ್ಕಮ್ ಅಸಾಧಾರಣ ವ್ಯಕ್ತಿ, ಆದರೆ ವಕ್ರಮತಿ, ತನಗೆ ಒಲಿದಿದ್ದ ಪ್ರತಿಭೆಯನ್ನೆಲ್ಲ ಕೆಡುಕಿಗೆ ಬಳಸಿದವರು ಎಂಬುದು ಅದರ ಧಾಟಿ. ಟೈಮ್ ವಾರಪತ್ರಿಕೆ ಅವರನ್ನು ಜನರನ್ನು ಕೆರಳಿಸುವ ನಾಚಿಕೆಗೆಟ್ಟ ಭಾಷಣಕಾರ ಎಂದು ಕರೆಯಿತು. ಅಮೆರಿಕ ಸರ್ಕಾರದ ವಿದೇಶ ಪ್ರಚಾರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಕಾರ್ಲ್ ರೋವನ್ ಸ್ವತಃ ಕಪ್ಪು ಜನಾಂಗದ ಪತ್ರಕರ್ತರು. ಆಫ್ರಿಕಾ ಮತ್ತು ಏಷ್ಯಾದ ಪತ್ರಿಕೆಗಳು ಮಾಲ್ಕಮ್ ಸಾವಿಗೆ ಕಂಬನಿ ಮಿಡಿದದ್ದನ್ನು ಕಂಡು, ಜೈಲುಕಂಡ ಮತಾಂಧನೊಬ್ಬನಿಗಾಗಿ ಇಷ್ಟೆಲ್ಲ ಶೋಕವೇ ಎಂದು ಅವರು ಅಚ್ಚರಿಪಟ್ಟರು. ಅದೇ ವಾರ ಷಿಕಾಗೊದಲ್ಲಿ ನೇಷನ್ ಆಫ್ ಇಸ್ಲಾಂನ ನಾಯಕ ಎಲಿಜಾ ಮುಹಮ್ಮದ್, ಮಾಲ್ಕಮ್ ತಾನು ಬೋಧಿಸಿದ್ದನ್ನೇ ಪಡೆದರು ಎಂದರು.

ಇವರೆಲ್ಲ ಒಬ್ಬರನ್ನೊಬ್ಬರು ಒಪ್ಪುವವರಲ್ಲ. ಬಿಳಿಯರ ಉದಾರವಾದಿ ಪತ್ರಿಕೆ, ಸರ್ಕಾರದ ಅಧಿಕಾರಿ ಮತ್ತು ಮಾಲ್ಕಮ್ ತೊರೆದು ಬಂದ ಧಾರ್ಮಿಕ ಸಂಘಟನೆಯ ಗುರು, ಮೂವರಿಗೂ ಲೋಕದೃಷ್ಟಿ ಬೇರೆ. ಆದರೂ ಆ ವಾರ ಎಲ್ಲರ ಮಾತೂ ಒಂದೇ ಗಾದೆಗೆ ಬಂದು ನಿಂತಿತು: ಮಾಡಿದ್ದುಣ್ಣೋ ಮಹರಾಯ. ಕೊಂದವರು ಯಾರೆಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವ ಮುನ್ನವೇ ಸತ್ತವರು ಎಂಥವರೆಂಬ ತೀರ್ಪು ಅಚ್ಚಾಗಿತ್ತು.

ಈ ಅವಸರದ ನಡುವೆ ಸಂಗತಿಗಳೇ ಸಡಿಲವಾದವು. ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಮೊದಲ ಆವೃತ್ತಿ, ರೊಚ್ಚಿಗೆದ್ದ ಗುಂಪಿನಿಂದ ಪೊಲೀಸರು ಇಬ್ಬರು ಶಂಕಿತರನ್ನು ಪಾರುಮಾಡಿದರು ಎಂದಿತು. ಅದೇ ದಿನದ ನಂತರದ ಆವೃತ್ತಿಯಲ್ಲಿ ಇಬ್ಬರು ಒಬ್ಬರಾದರು. ಏಕೆ ಹೀಗಾಯಿತೆಂಬ ಸ್ಪಷ್ಟನೆ ಓದುಗರಿಗೆ ಸಿಗಲಿಲ್ಲ. ಆ ಸಣ್ಣ ಬಿರುಕಿನಿಂದ ಹುಟ್ಟಿದ ಸಂಶಯಗಳು ದಶಕಗಳ ಕಾಲ ಬೆಳೆದವು.

ಸ್ಥಳದಲ್ಲಿ ಸಿಕ್ಕಿಬಿದ್ದವನು ಟಾಲ್ಮಡ್ಜ್ ಹೇಯರ್, ಕಾಲಿಗೆ ಗುಂಡು ತಗುಲಿದ್ದವನು. ಕೆಲವೇ ದಿನಗಳಲ್ಲಿ ಇನ್ನಿಬ್ಬರನ್ನು ಬಂಧಿಸಲಾಯಿತು. ಅವರು ನಾರ್ಮನ್ ಬಟ್ಲರ್ ಮತ್ತು ಥಾಮಸ್ ಜಾನ್ಸನ್, ಇಬ್ಬರೂ ಹಾರ್ಲೆಮ್ ಮಸೀದಿಗೆ ಸೇರಿದವರು. ಇದು ಕಪ್ಪು ಮುಸ್ಲಿಮರ ಒಳಜಗಳ ಎಂಬ ಕಥೆ ಆಗಲೇ ಊರೆಲ್ಲ ಹಬ್ಬಿದ್ದರಿಂದ, ಎದುರಾಳಿ ಬಣದ ಎರಡು ಹೆಸರುಗಳು ಆ ಕಥೆಗೆ ಚೆನ್ನಾಗಿ ಹೊಂದಿಕೊಂಡವು. ಆ ದಿನ ಕಾಲಿನ ಗಾಯದಿಂದಾಗಿ ಮನೆಯಲ್ಲಿದ್ದೆ ಎಂದು ಬಟ್ಲರ್ ಹೇಳಿದರು. ಇವರಿಬ್ಬರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಯರ್ ಸ್ವತಃ ಕಟಕಟೆಯಲ್ಲಿ ನಿಂತು ನುಡಿದ. ಆದರೂ 1966ರ ಮಾರ್ಚ್‌ನಲ್ಲಿ ಮೂವರೂ ಅಪರಾಧಿಗಳೆಂದು ತೀರ್ಮಾನವಾಯಿತು, ಜೀವಾವಧಿ ಶಿಕ್ಷೆಯಾಯಿತು.

1977 ಮತ್ತು 1978ರಲ್ಲಿ ಹೇಯರ್ ಪ್ರಮಾಣಪತ್ರಗಳನ್ನು ಸಲ್ಲಿಸಿ, ತನ್ನ ಜೊತೆಗಿದ್ದವರು ನ್ಯೂಜೆರ್ಸಿಯ ನ್ಯೂವಾರ್ಕ್ ಮಸೀದಿಯ ಇತರ ನಾಲ್ವರು ಎಂದು ತಿಳಿಸಿದ. ಮ್ಯಾನ್‌ಹಟನ್‌ನಿಂದ ಹಡ್ಸನ್ ನದಿ ದಾಟಿ ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯದ ಊರು ಅದು. ಪ್ರಕರಣವನ್ನು ಮತ್ತೆ ತೆರೆಯಲು ನ್ಯಾಯಾಲಯ ಒಪ್ಪಲಿಲ್ಲ. ಬಟ್ಲರ್, ಅಂದರೆ ಮುಂದೆ ಮುಹಮ್ಮದ್ ಅಜೀಜ್ ಎಂಬ ಹೆಸರು ಪಡೆದವರು, 1985ರಲ್ಲಿ ಪೆರೋಲ್ ಮೇಲೆ ಹೊರಬಂದರು. ಖಲೀಲ್ ಇಸ್ಲಾಂ ಎಂಬ ಹೆಸರು ಪಡೆದ ಜಾನ್ಸನ್ 1987ರಲ್ಲಿ ಹೊರಬಂದು, 2009ರಲ್ಲಿ ಕೊಲೆಗಾರನೆಂಬ ಹಣೆಪಟ್ಟಿಯೊಡನೆಯೇ ತೀರಿಕೊಂಡರು.

ಅಬ್ದುರ್‌ರಹಮಾನ್ ಮುಹಮ್ಮದ್ ಎಂಬ ಸ್ವತಂತ್ರ ಸಂಶೋಧಕರು ವರ್ಷಗಟ್ಟಲೆ ಬೆನ್ನುಹತ್ತಿದ ಈ ಪ್ರಕರಣ 2020ರಲ್ಲಿ ಸಾಕ್ಷ್ಯಚಿತ್ರ ಸರಣಿಯಾಗಿ ಬಂದಮೇಲೆ ಮ್ಯಾನ್‌ಹಟನ್‌ನ ಜಿಲ್ಲಾ ಅಟಾರ್ನಿ ಕಡತಗಳನ್ನು ಮರುಪರಿಶೀಲಿಸಿದರು. 2021ರ ನವೆಂಬರ್ 18ರಂದು ನ್ಯಾಯಾಲಯ ಆ ಇಬ್ಬರ ಮೇಲಿನ ಶಿಕ್ಷೆಯನ್ನು ರದ್ದುಮಾಡಿತು. ಎಫ್‌ಬಿಐ ಮತ್ತು ನ್ಯೂಯಾರ್ಕ್ ಪೊಲೀಸರು ಆರೋಪಿಗಳಿಗೆ ಅನುಕೂಲವಾಗಬಹುದಾಗಿದ್ದ ಸಾಕ್ಷ್ಯವನ್ನು ಬಚ್ಚಿಟ್ಟಿದ್ದರೆಂಬುದು ಬಯಲಾಯಿತು. ಸಭಾಂಗಣದಲ್ಲಿ ಮಾರುವೇಷದ ಪೊಲೀಸರಿದ್ದರು. ಮಾಲ್ಕಮ್ ಅವರನ್ನು ಕೊಲ್ಲಲಾಗುತ್ತದೆ ಎಂಬ ದೂರವಾಣಿ ಕರೆ ಅಂದು ಬೆಳಿಗ್ಗೆಯೇ ಡೈಲಿ ನ್ಯೂಸ್ ಪತ್ರಿಕೆಯ ವರದಿಗಾರರೊಬ್ಬರಿಗೆ ಬಂದಿತ್ತೆಂದು ಪೊಲೀಸ್ ಕಡತದಲ್ಲಿ ದಾಖಲಾಗಿತ್ತು. ಎಂಬತ್ತಮೂರರ ವೃದ್ಧ ಅಜೀಜ್, ತಾನು ನಿರಪರಾಧಿಯೆಂದು ತನಗೆ ಯಾವ ನ್ಯಾಯಾಲಯವೂ ಹೇಳಬೇಕಿಲ್ಲ ಎಂದರು. ಮುಂದೆ ನಗರ ಮತ್ತು ರಾಜ್ಯ ಸರ್ಕಾರಗಳು ಒಟ್ಟು 3.6 ಕೋಟಿ ಡಾಲರ್ ಪರಿಹಾರ ಕೊಟ್ಟವು.

ಅವರನ್ನು ಜೈಲಿಗೆ ಕಳಿಸಿದ್ದು ಪತ್ರಿಕೆಗಳಲ್ಲ. ಅದು ಪೊಲೀಸರ, ಸರ್ಕಾರಿ ವಕೀಲರ, ನ್ಯಾಯಾಲಯದ ಹೊಣೆ. ಆದರೆ ಪ್ರಶ್ನೆ ಕೇಳಬೇಕಾಗಿದ್ದವರಲ್ಲಿ ಬಹುಪಾಲು ಮಂದಿ ಉತ್ತರ ಸಿಕ್ಕಾಯಿತೆಂದು ಎದ್ದುಹೋಗಿದ್ದರು. ಸತ್ತವನು ತನ್ನ ಸಾವನ್ನು ತಾನೇ ತಂದುಕೊಂಡ ಎಂದು ಒಮ್ಮೆ ಒಪ್ಪಿಕೊಂಡಮೇಲೆ, ಕೊಂದವರನ್ನು ಹುಡುಕುವ ಆಸಕ್ತಿ ಸಮಾಜಕ್ಕೆ ಉಳಿಯುವುದಿಲ್ಲ.

ಪ್ರಗತಿಪರರು ಇಲ್ಲಿಯೇ ನಿಂತರೆ ಕಥೆ ಅನುಕೂಲಕರವಾಗಿರುತ್ತದೆ, ಪೂರ್ಣವಾಗಿರುವುದಿಲ್ಲ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಒಂಬತ್ತು ದಿನಗಳ ನಂತರ, ಡಿಸೆಂಬರ್ 1ರಂದು, ನ್ಯೂಯಾರ್ಕಿನ ಮ್ಯಾನ್‌ಹಟನ್ ಸೆಂಟರ್‌ನಲ್ಲಿ ಮಾಲ್ಕಮ್ ಎಕ್ಸ್ ಭಾಷಣ ಮಾಡಿದರು. ಸಭಿಕರ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ ಆ ಹತ್ಯೆಯ ಬಗ್ಗೆ ಅವರಾಡಿದ ಮಾತೂ ಕನ್ನಡದ ಅದೇ ಗಾದೆಯ ಅರ್ಥದ್ದು: ಮಾಡಿದ್ದುಣ್ಣೋ ಮಹರಾಯ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಬಿಳಿಯರು ಕಪ್ಪು ಜನರ ಮೇಲೆ ಹರಿಯಬಿಟ್ಟ ದ್ವೇಷ ಕೊನೆಗೆ ದೇಶದ ಅಧ್ಯಕ್ಷರನ್ನೂ ಬಲಿ ತೆಗೆದುಕೊಂಡಿತೆಂಬುದು ತಮ್ಮ ಅರ್ಥವೆಂದು ಮುಂದೆ ಅವರು ವಿವರಿಸಿದರು. ಆ ವಿವರಣೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹದಿನೈದು ತಿಂಗಳು ಕಳೆಯುವಷ್ಟರಲ್ಲಿ ಅದೇ ಮಾತನ್ನು ಅವರ ಶವದ ಮುಂದೆ ಇತರರು ಆಡಿದರು. ಅವರಿಗೂ ತಮ್ಮ ಮಾತಿನಲ್ಲಿ ಹುರುಳಿದೆಯೆಂದೇ ಅನ್ನಿಸಿತ್ತು.

ಕನ್ನಡಿಗರಿಗೆ ಈ ಗಾದೆ ಮತ್ತೆ ಕೇಳಿಸಿದ್ದು 2017ರಲ್ಲಿ. ಸೆಪ್ಟೆಂಬರ್ 5ರ ರಾತ್ರಿ ಎಂಟರ ಸುಮಾರಿಗೆ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ತಮ್ಮ ಮನೆಯ ಬಾಗಿಲಲ್ಲೇ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ನ್ಯೂಯಾರ್ಕ್-ನ್ಯೂಜೆರ್ಸಿಯಲ್ಲಿ ಆಗ ಬೆಳಗಿನ ಹೊತ್ತು; ಕಾರ್ಮಿಕ ದಿನದ ದೀರ್ಘ ವಾರಾಂತ್ಯ ಮುಗಿದ ಮಂಗಳವಾರ. ಜನ ಕಚೇರಿಯ ಮೇಜಿನ ಮುಂದೆ ಕುಳಿತು ಮೊಬೈಲಿನಲ್ಲಿ ಸುದ್ದಿ ಓದುತ್ತಿದ್ದಂತೆಯೇ ವಿವರಣೆಗಳು ಬರತೊಡಗಿದವು. ನಕ್ಸಲರ ಕೈವಾಡ ಎಂದು ಕೆಲವರು, ಕುಟುಂಬದ ಜಗಳ ಎಂದು ಕೆಲವರು. ಇನ್ನು ಕೆಲವರು ಆ ರಾತ್ರಿಯೇ ಸಂಘಟನೆಗಳ ಹೆಸರು ಹೇಳಿದರು. ಸೂರತ್‌ನ ವ್ಯಾಪಾರಿಯೊಬ್ಬ ಸತ್ತವರನ್ನು ನಾಯಿಗೆ ಹೋಲಿಸಿ ಸಂಭ್ರಮಿಸಿದ. ದೇಶದ ಪ್ರಧಾನಿ ಟ್ವಿಟರ್‌ನಲ್ಲಿ ಅವನ ಖಾತೆಯನ್ನು ಅನುಸರಿಸುತ್ತಿದ್ದದ್ದು ದೊಡ್ಡ ಚರ್ಚೆಯಾಯಿತು.

ಆ ಗದ್ದಲದ ಹೊರಗೆ ವಿಶೇಷ ತನಿಖಾ ದಳ ತಿಂಗಳುಗಟ್ಟಲೆ ಕೆಲಸ ಮಾಡಿತು. ಕಲಬುರ್ಗಿಯವರನ್ನು 2015ರಲ್ಲಿ ಕೊಂದ ಪಿಸ್ತೂಲಿಗೂ ಗೌರಿಯವರನ್ನು ಕೊಂದ ಪಿಸ್ತೂಲಿಗೂ ಇದ್ದ ನಂಟನ್ನು ವಿಧಿವಿಜ್ಞಾನ ಪರೀಕ್ಷೆ ತೋರಿಸಿತು. 2018ರ ನವೆಂಬರ್‌ನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳ ಹೆಚ್ಚುವರಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಹದಿನೆಂಟು ಮಂದಿಯನ್ನು ಹೆಸರಿಸಿ, ಇದು ಬಲಪಂಥೀಯ ತೀವ್ರವಾದಿ ಜಾಲವೊಂದರ ಸಂಚು ಎಂದಿತು. ಮೊದಲ ರಾತ್ರಿಯೇ ಇಂಥದೇ ಊಹೆ ಮಾಡಿದವರಿಗೆ ಇದು ಸಮಾಧಾನ ತಂದಿರಬಹುದು. ಆದರೆ ಊಹೆ ಆಮೇಲೆ ತನಿಖೆಯೊಂದಿಗೆ ಹೊಂದಿಕೊಂಡಿತು ಎಂದಮಾತ್ರಕ್ಕೆ ಅದು ಅಂದೇ ಪುರಾವೆಯಾಗಿತ್ತು ಎಂದಲ್ಲ. ಆರೋಪವೂ ನ್ಯಾಯಾಲಯದಲ್ಲಿ ರುಜುವಾತಾಗಬೇಕು. ವಿಚಾರಣೆ ಆರಂಭವಾದದ್ದು 2022ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ಕ್ಯಾಮೆರಾಗಳು ಬೇರೆಡೆಗೆ ತಿರುಗಿದ್ದವು. 2024ರ ಅಕ್ಟೋಬರ್‌ನಲ್ಲಿ ಜಾಮೀನಿನ ಮೇಲೆ ಬಂದ ಇಬ್ಬರು ಆರೋಪಿಗಳಿಗೆ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತಿಸಿದಾಗ ಮಾತ್ರ ಮತ್ತೊಮ್ಮೆ ಇತ್ತ ನೋಡಿದವು.

2025ರಲ್ಲಿ ಅಮೆರಿಕವು ಮೂರೇ ತಿಂಗಳ ಅಂತರದಲ್ಲಿ ಇದೇ ಆಟವನ್ನು ಎರಡು ಬಾರಿ ಆಡಿತು. ಜೂನ್ 14ರಂದು ಮಿನೆಸೋಟದ ಶಾಸಕಿ, ಡೆಮಾಕ್ರಟಿಕ್ ಪಕ್ಷದ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಪತಿಯನ್ನು ಮನೆಯಲ್ಲೇ ಕೊಲ್ಲಲಾಯಿತು. ಯೂಟಾ ರಾಜ್ಯದ ಸೆನೆಟರ್ ಮೈಕ್ ಲೀ ಇದು ಮಾರ್ಕ್ಸ್‌ವಾದಿಗಳ ಕೆಲಸವೆಂದು ಲೇವಡಿ ಮಾಡಿ, ಆನಂತರ ಆ ಬರಹ ಅಳಿಸಿದರು. ಸೆಪ್ಟೆಂಬರ್ 10ರಂದು ಅದೇ ಯೂಟಾದಲ್ಲಿ ಬಲಪಂಥೀಯ ಸಂಘಟಕ ಚಾರ್ಲಿ ಕರ್ಕ್ ಗುಂಡಿಗೆ ಬಲಿಯಾದರು. ಅವರಿಗೆ ಮೂವತ್ತೊಂದು ವರ್ಷ. ಶಂಕಿತ ಸಿಕ್ಕಿದ್ದಾನೆ ಎಂದು ಎಫ್‌ಬಿಐ ನಿರ್ದೇಶಕರು ಅಂದು ಸಂಜೆಯೇ ಪ್ರಕಟಿಸಿ, ಸ್ವಲ್ಪ ಹೊತ್ತಿನಲ್ಲೇ ಮಾತು ಹಿಂತೆಗೆದುಕೊಂಡರು. ಕಾಡತೂಸುಗಳ ಮೇಲೆ ಲಿಂಗಾಂತರಿಗಳ ಪರವಾದ ಬರಹಗಳಿದ್ದವೆಂದು ನ್ಯೂಯಾರ್ಕಿನಿಂದ ಹೊರಡುವ ವಾಲ್ ಸ್ಟ್ರೀಟ್ ಜರ್ನಲ್ ಪ್ರಕಟಿಸಿದ ಸುದ್ದಿಗೆ ಆಮೇಲೆ ಸಂಪಾದಕರ ಟಿಪ್ಪಣಿ ಸೇರಿಸಬೇಕಾಯಿತು. ಅಷ್ಟರಲ್ಲಿ ಒಂದು ಇಡೀ ಸಮುದಾಯ ಆರೋಪಿಯ ಸ್ಥಾನದಲ್ಲಿ ನಿಂತಾಗಿತ್ತು. ಕರ್ಕ್ ಅವರನ್ನು ಒಪ್ಪದ ಕೆಲವರು ಸಾವನ್ನು ಸಂಭ್ರಮಿಸಿದರು. ಸಂಭ್ರಮಿಸಿದವರ ವಿಷಯ ಅವರ ಮಾಲೀಕರಿಗೆ ತಿಳಿಸಿ ಎಂದು ಉಪಾಧ್ಯಕ್ಷರೇ ಕರೆಕೊಟ್ಟರು. ದೂರದರ್ಶನದ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಅವರ ಕಾರ್ಯಕ್ರಮವನ್ನು ಎಬಿಸಿ ಕೆಲವು ದಿನ ನಿಲ್ಲಿಸಿತು. ಜೂನ್‌ನಲ್ಲಿ ಲೇವಡಿಯನ್ನು ಖಂಡಿಸಿದವರಲ್ಲಿ ಕೆಲವರು ಸೆಪ್ಟೆಂಬರ್‌ನಲ್ಲಿ ನಕ್ಕರು. ಜೂನ್‌ನಲ್ಲಿ ನಕ್ಕವರಲ್ಲಿ ಕೆಲವರು ಸೆಪ್ಟೆಂಬರ್‌ನಲ್ಲಿ ಶಿಷ್ಟಾಚಾರದ ಪಾಠ ಹೇಳಿದರು.

ಹಾಗಾದರೆ ಸತ್ತವರನ್ನು ಟೀಕಿಸಲೇಬಾರದೆ? ಹಾಗಲ್ಲ. ಸಾವು ಯಾರ ಮಾತನ್ನೂ ಸತ್ಯ ಮಾಡುವುದಿಲ್ಲ. ಕರ್ಕ್ ಹೇಳಿದ್ದನ್ನು, ಗೌರಿ ಬರೆದದ್ದನ್ನು, ಮಾಲ್ಕಮ್ ಬೋಧಿಸಿದ್ದನ್ನು ವಿಮರ್ಶಿಸುವ ಹಕ್ಕು ಎಲ್ಲರಿಗೂ ಇದೆ; ಆ ಹಕ್ಕನ್ನು ಕೆಲಸದಿಂದ ತೆಗೆಯುವ ಬೆದರಿಕೆಯಿಂದ ಅಡಗಿಸಲೂಬಾರದು. ಆದರೆ ವಿಮರ್ಶೆ ಬೇರೆ, ಕೊಲೆಗೆ ಕಾರಣ ಒದಗಿಸಿಕೊಡುವುದು ಬೇರೆ. ಈ ಗೆರೆಯನ್ನು 1965ರ ಆ ವಾರದಲ್ಲೇ ಒಬ್ಬರು ಕಂಡಿದ್ದರು. ಮಾಲ್ಕಮ್ ಅವರಿಂದ ಕಟುವಾದ ಟೀಕೆಗೆ ಒಳಗಾಗಿದ್ದ ಮಾರ್ಟಿನ್ ಲೂಥರ್ ಕಿಂಗ್, ಬೆಟ್ಟಿ ಶಬಾಜ್ ಅವರಿಗೆ ತಂತಿ ಕಳಿಸಿದರು. ಮಾರ್ಗದ ವಿಷಯದಲ್ಲಿ ತಮ್ಮಿಬ್ಬರಿಗೂ ಸಹಮತವಿರಲಿಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ. ಮಾಲ್ಕಮ್ ಬಗ್ಗೆ ತಮಗಿದ್ದ ಆಳವಾದ ಪ್ರೀತಿಯನ್ನೂ ಮುಚ್ಚಿಡಲಿಲ್ಲ.

ಪ್ರಗತಿಪರರೆಂದು ತಮ್ಮನ್ನು ಕರೆದುಕೊಳ್ಳುವವರಿಗೆ ಇದರಿಂದ ಬರುವ ಹೊಣೆ ದೊಡ್ಡ ತತ್ತ್ವವೇನಲ್ಲ, ದಿನನಿತ್ಯದ ಶಿಸ್ತು. ಸುದ್ದಿ ಬಂದ ಗಂಟೆಯಲ್ಲಿ, ವಾಟ್ಸಾಪ್‌ನಲ್ಲಿ ಮುಂದಕ್ಕೆ ಕಳಿಸುವ ಮುನ್ನ, ಇದು ಯಾರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವುದು. ತಮ್ಮ ಕಡೆಯವರು ಸತ್ತಾಗ ಬೇಡವೆನಿಸಿದ ಗಾದೆಯನ್ನು ಎದುರು ಕಡೆಯವರು ಸತ್ತಾಗಲೂ ಆಡದಿರುವುದು. ಮೊದಲ ವಾರದ ಮೆರವಣಿಗೆಗೆ ಬಂದಷ್ಟೇ ಶ್ರದ್ಧೆಯಿಂದ ಐದನೆಯ ವರ್ಷದ ವಿಚಾರಣೆಯ ವರದಿಯನ್ನೂ ಓದುವುದು. ಅಂಥ ವರದಿ ಬರೆಯುವ ಪತ್ರಿಕೆಗೆ ಚಂದಾ ಕೊಡುವುದು.

ಮುಹಮ್ಮದ್ ಅಜೀಜ್ ಅವರಿಗೆ ಐವತ್ತೈದು ವರ್ಷಗಳ ನಂತರವಾದರೂ ನ್ಯಾಯಾಲಯ ತನ್ನ ತಪ್ಪು ಒಪ್ಪಿಕೊಂಡಿತು. ಅದೇ ದಿನ ಖಲೀಲ್ ಇಸ್ಲಾಂ ಅವರ ಹೆಸರೂ ಕಳಂಕದಿಂದ ಮುಕ್ತವಾಯಿತು. ಅದನ್ನು ಕೇಳಲು ಅವರು ಇರಲಿಲ್ಲ, ಅವರ ಮಕ್ಕಳಿದ್ದರು.