ಖಜಾಂಚಿ ಕೀನ್ಸ್
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಸಾಧನೆಯನ್ನು ಕಾರ್ಯದರ್ಶಿಗಳು ಆಗಲೇ ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟ ತಡ ಮಾಡುವುದಿಲ್ಲ. ಮೀಸಲು ನಿಧಿಯನ್ನು ಇನ್ನೂ ಹೆಚ್ಚು ಹುಟ್ಟುವಳಿ ಬರೋ ಕಡೆ ಹಾಕಬೇಕು ಅಂತ ಮಹಾಸಭೆಯಲ್ಲಿ ಮಾತೆದ್ದಿದೆಯಂತೆ. ಆದ್ದರಿಂದ ಪರರ ದುಡ್ಡು ನೋಡಿಕೊಂಡ ಒಬ್ಬ ಅರ್ಥಶಾಸ್ತ್ರಜ್ಞರ ಕಥೆಯನ್ನು ನಾವು ಹೇಳುತ್ತೇವೆ.

ಅವರ ಹೆಸರು ಜಾನ್ ಮೇನಾರ್ಡ್ ಕೀನ್ಸ್. 1883ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಹುಟ್ಟಿದವರು. 1906ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಗುಮಾಸ್ತಿಕೆ ಸಿಕ್ಕಿತು. ಮೊದಲ ಕೆಲಸ ಏನು ಗೊತ್ತೇ? ಹತ್ತು ಆಯರ್‌ಶೈರ್ ಹೋರಿಗಳನ್ನು ಹಡಗು ಹತ್ತಿಸಿ ಮುಂಬಯಿಗೆ ಕಳಿಸೋದು! ನಮ್ಮ ರೂಪಾಯಿಯ ಮೇಲೆ 1913ರಲ್ಲೇ ಪುಸ್ತಕ ಬರೆದರು. ಆದರೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. 1936ರ ಅವರ ದೊಡ್ಡ ಗ್ರಂಥದ ವಿಚಾರ ಕಾಲೇಜು ಹುಡುಗರು ಓದಿಕೊಳ್ಳುತ್ತಾರೆ, ಅದು ಇಲ್ಲಿ ಬೇಡ.

ದುಡ್ಡಿನ ವ್ಯವಹಾರ ಅವರಿಗೆ ಕೆಲಸವೂ ಹೌದು, ಹುಚ್ಚೂ ಹೌದು. ಮೊದಲ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ನಾಣ್ಯಗಳ ಬೆಲೆ ಬೀಳುತ್ತದೆ ಅಂತ ಲೆಕ್ಕ ಹಾಕಿ, ತಮ್ಮದಲ್ಲದೆ ಬಂಧು ಮಿತ್ರರ ದುಡ್ಡನ್ನೂ ಸೇರಿಸಿ ವ್ಯಾಪಾರಕ್ಕಿಳಿದರು. ಅದು ಮುಂಗಡದ ವ್ಯಾಪಾರ. ಅಂದರೆ ಹತ್ತು ರೂಪಾಯಿ ಕಟ್ಟಿ ನೂರು ರೂಪಾಯಿ ಆಟ ಆಡೋದು. ಹತ್ತು ರೂಪಾಯಿ ಎದುರು ಬಿದ್ದರೆ ಕಟ್ಟಿದ್ದೆಲ್ಲಾ ಹೋಯಿತು. 1920ರ ಮೇ ತಿಂಗಳಲ್ಲಿ ಬೀಳಬೇಕಾದ ನಾಣ್ಯಗಳು ಕೆಲವು ವಾರ ಏರಿದವು. ಅಷ್ಟೇ, ಕೀನ್ಸ್ ಮುಳುಗಿದರು. ಆಮೇಲೆ ಆ ನಾಣ್ಯಗಳು ಅವರು ಹೇಳಿದ ಹಾಗೇ ಬಿದ್ದವು ನೋಡಿ! ಲೆಕ್ಕ ಸರಿ ಇತ್ತು, ಕಾಯೋಕೆ ಕೈಯಲ್ಲಿ ಕಾಸಿರಲಿಲ್ಲ. ಒಬ್ಬ ಸಾಹುಕಾರರಿಂದ ಐದು ಸಾವಿರ ಪೌಂಡು ಸಾಲ ತಂದು, ದುಡಿದು, ಮಿತ್ರರ ನಷ್ಟವನ್ನೂ ತುಂಬಿಕೊಟ್ಟರು. ನಮಗೆ ಅವರ ಮೇಲೆ ಗೌರವ ಹುಟ್ಟಿದ್ದು ಇಲ್ಲಿ. ಐದು ವರ್ಷಕ್ಕೆ ಡಬಲ್ ಅಂತ ದುಡ್ಡು ಕಟ್ಟಿಸಿಕೊಂಡು ಬೀಗ ಹಾಕಿಕೊಂಡು ಹೋದವರನ್ನು ನಮ್ಮ ಸೀಮೆಯಲ್ಲೂ ಕಂಡಿದ್ದೇವಲ್ಲ, ಅವರಲ್ಲಿ ಒಬ್ಬರಾದರೂ ತಿರುಗಿ ಬಂದರೇ?

ಚಟ ಅಷ್ಟಕ್ಕೇ ಬಿಡಲಿಲ್ಲ. 1928-29ರಲ್ಲಿ ರಬ್ಬರು, ಹತ್ತಿ, ತವರ ಅಂತ ಕೈ ಹಾಕಿ ಸ್ವಂತ ಆಸ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಕಳೆದರು. ದೇಶದ ಏರಿಳಿತವನ್ನೇ ಓದಬಲ್ಲ ಪಂಡಿತರಿಗೂ ಪೇಟೆಯ ನಾಳೆ ತಿಳಿಯಲಿಲ್ಲ.

1924ರಿಂದ ಅವರು ಕಿಂಗ್ಸ್ ಕಾಲೇಜಿನ ಮುಖ್ಯ ಖಜಾಂಚಿ. ಅಲ್ಲಿನ ಬಹುಪಾಲು ನಿಧಿಗೆ ನಿಯಮದ ಕಟ್ಟು ಇತ್ತು; ನಮಗೆ 1959ರ ಸಹಕಾರ ಸಂಘಗಳ ಕಾಯಿದೆ ಇದ್ದ ಹಾಗೆ. ಕೀನ್ಸ್ ಒಂದು ಭಾಗವನ್ನು ಮಾತ್ರ ಬೇರೆ ಮಾಡಿ, ಅದರಲ್ಲಿ ಷೇರು ಕೊಂಡರು. (ಪೇಟೆಯ ಷೇರು ಬೇರೆ, ನಮ್ಮ ಸಂಘದ ಷೇರು ಬೇರೆ, ನಮ್ಮದು ಏರೋದೂ ಇಲ್ಲ, ಬೀಳೋದೂ ಇಲ್ಲ.) ನಷ್ಟ ಉಂಡ ಮೇಲೆ ಮೂವತ್ತರ ದಶಕದಲ್ಲಿ ದಾರಿ ಬದಲಾಯಿಸಿದರು. ತಾನು ಚೆನ್ನಾಗಿ ಬಲ್ಲ ಕೆಲವೇ ಕಂಪನಿಗಳನ್ನು ಆರಿಸಿ, ಪೇಟೆ ಬಿದ್ದಾಗಲೂ ಕೈ ಬಿಡದೆ ವರ್ಷಗಟ್ಟಲೆ ಇಟ್ಟುಕೊಂಡರು. 1920ರಲ್ಲಿ ಸುಮಾರು 30,000 ಪೌಂಡು ಇದ್ದ ಆ ನಿಧಿ, 1946ರಲ್ಲಿ ಅವರು ತೀರಿಕೊಂಡಾಗ ಸುಮಾರು 3,80,000 ಆಗಿತ್ತು. ನಡುವೆ ಕೆಟ್ಟ ವರ್ಷಗಳೂ ಇದ್ದವು. ಕಾಲೇಜಿಗೆ ನಾಳೆಯೇ ದುಡ್ಡು ಬೇಕಿರಲಿಲ್ಲ, ಅದಕ್ಕೇ ತಡೆದುಕೊಂಡಿತು. ನಮ್ಮ ಠೇವಣಿದಾರರು ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತರೆ ಪೇಟೆ ಏರಲಿ, ಆಮೇಲೆ ಬನ್ನಿ ಅನ್ನೋಕಾಗುತ್ತದೆಯೇ? ನಿರ್ದೇಶಕರು ತೀರ್ಮಾನಿಸೋ ಮುಂಚೆ ಇದೊಂದನ್ನು ಯೋಚಿಸಲಿ ಅಂತ ನಮ್ಮ ಕೋರಿಕೆ.

ಇಷ್ಟು ದುಡ್ಡು ಮಾಡಿದವರು ಅದನ್ನು ಏನು ಮಾಡಿದರು ಅಂತ ಕೇಳಬಹುದು. ಹಳೆಯ ಪುಸ್ತಕ ಕೊಂಡರು! 1936ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ನ್ಯೂಟನ್ನರ ಕೈಬರಹದ ಕಾಗದಗಳು ಹರಾಜಿಗೆ ಬಂದು ಚೆಲ್ಲಾಪಿಲ್ಲಿ ಆದವು. ಕೀನ್ಸ್ ಹರಾಜಿನಲ್ಲಿ ಕೆಲವನ್ನು ಹಿಡಿದರು, ಮಿಕ್ಕವರ ಹತ್ತಿರ ಹೋಗಿ ಇನ್ನಷ್ಟು ಕೊಂಡು ಕೂಡಿಸಿದರು. ಅದರಲ್ಲಿ ಬಹಳಷ್ಟು ರಸವಿದ್ಯೆಯದು, ಅಂದರೆ ಕೀಳು ಲೋಹವನ್ನು ಚಿನ್ನ ಮಾಡೋ ಯತ್ನ. ಆ ನ್ಯೂಟನ್ನರೂ 1720ರಲ್ಲಿ ದಕ್ಷಿಣ ಸಮುದ್ರದ ಹಡಗು ವ್ಯಾಪಾರದ ಕಂಪನಿಯ ಷೇರಿನಲ್ಲಿ ಕೈ ಸುಟ್ಟುಕೊಂಡವರೇ. ಆ ಕಾಗದಗಳನ್ನು ಕೀನ್ಸ್ ಮಾರಲಿಲ್ಲ. ಕಾಲೇಜಿಗೆ ಬಿಟ್ಟು ಹೋದರು, ಈಗಲೂ ಅಲ್ಲಿವೆ.